ನನ್ನ ಎಡಗಾಲು, ಅವರ ಎಡಗಾಲು

ನೀವು ಫೋನ್ ಮಾಡಿದ್ದಿರಿ, ವೀಣಾ ಮೇಡಂ. ಆ ಭಾನುವಾರ ಸಂಜೆ ನೀವು ಫೋನ್ ಮಾಡಿದ್ದು ನಿಜ. ಅದನ್ನು ಎತ್ತಿದವಳು ನಾನು, ನೀವು ಹೇಳಿದ ಒಂದೊಂದು ಮಾತನ್ನೂ ಕೇಳಿಸಿಕೊಂಡವಳು ನಾನು. ಆಮೇಲೆ ಚಳ್ಳಕೆರೆಯ ಬೀದಿಯಲ್ಲಿ, ನಾಲ್ಕು ಜನರ ಎದುರು, ನಿಮ್ಮ ಮುಖ ನೋಡಿಕೊಂಡೇ ‘ಯಾವ ಫೋನೂ ಬರಲಿಲ್ಲ’ ಎಂದವಳೂ ನಾನೇ. ಆರು ವರ್ಷವಾಯಿತು. ಈ ಸುಳ್ಳಿನ ಜೊತೆ ಉಂಡಿದ್ದೇನೆ, ಮಲಗಿದ್ದೇನೆ, ಹಬ್ಬಕ್ಕೆ ಹೋಳಿಗೆ ತಟ್ಟಿದ್ದೇನೆ, ಮಗಳ ಮದುವೆ ಮಾಡಿ ಕೊಂಡ್ಲಹಳ್ಳಿಗೆ ಕಳಿಸಿದ್ದೇನೆ. ನಾಳೆ ನಿಮ್ಮ ಮುಂದೆ ಬಂದು ನಿಲ್ಲಬೇಕು. ಆಗ ಇದೆಲ್ಲ ಬಾಯಿಗೆ ಬರುತ್ತದೋ ಇಲ್ಲವೋ ಎಂಬ ಭಯಕ್ಕೆ ಇಲ್ಲೇ ಒಂದು ಸಲ ಪೂರ್ತಿಯಾಗಿ ಹೇಳಿಕೊಳ್ಳುತ್ತಿದ್ದೇನೆ.

ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರು ಕೊಟ್ಟು ನಾಜೂಕು ಮಾಡುವುದು ಬೇಡ. ನಿಮ್ಮ ಮೇಲೆ ಸಂಶಯವಿತ್ತು ಎಂದರೆ ಜನ ಅರ್ಥ ಮಾಡಿಕೊಂಡಾರು — ಗಂಡ, ಪರ ಹೆಣ್ಣು, ಪಾಪ, ಹೆಂಡತಿಗೆ ತಡೆಯಲಿಲ್ಲ ಎಂದಾರು. ಆದರೆ ಅಂಥ ಸಂಶಯ ಒಂದು ದಿನವೂ ನನಗಿರಲಿಲ್ಲ. ನೀವು ನಮ್ಮನೆಯವರನ್ನು ‘ತಿಪ್ಪೇಸ್ವಾಮಣ್ಣ’ ಎಂದೇ ಕರೆಯುತ್ತಿದ್ದಿರಿ, ಅವರ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವರಷ್ಟೇ ನೀವು. ಅಷ್ಟು ಗೊತ್ತಿದ್ದೂ ಉರಿದೆ. ನನ್ನ ಕಾಲಿನ ಜಾಗಕ್ಕೆ ನಿಮ್ಮ ಕೈ ಬಂತಲ್ಲ — ಅದಕ್ಕೇ ಉರಿದೆ.

ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾನು ಮೊಳಕಾಲ್ಮೂರಿನ ಮಗ್ಗದ ಮನೆಯ ಹುಡುಗಿ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಹುಟ್ಟುವಾಗ ಎಲ್ಲರ ಹಾಗೆ ತಲೆ ಮುಂದಾಗಿ ಬರದೆ ಕಾಲು ಮುಂದಾಗಿ ಬಂದವಳು. ‘ಎದುರುಕಾಳ್ಳ ಪಿಲ್ಲ’ ಎಂದು ನಮ್ಮಮ್ಮ ತೆಲುಗಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಹಾಗೆ ಹುಟ್ಟಿದವರ ಎಡಗಾಲು ಸೊಂಟಕ್ಕೆ ತಾಗಿದರೆ ಉಳುಕು ಬಿಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಇಡೀ ದಿನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಬಗ್ಗಿ ಕೂರುವ ನೇಕಾರರಿಗೆ ಸೊಂಟನೋವಿಗೇನು ಬರವೇ? ನಾನಿನ್ನೂ ಲಂಗ ಉಡುತ್ತಿದ್ದಾಗಲೇ ಬೀದಿಯ ದೊಡ್ಡವರೆಲ್ಲ ನಮ್ಮ ಅಂಗಳದಲ್ಲಿ ಬೋರಲು ಮಲಗುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಎಡಗಾಲನ್ನು ಅವರ ಸೊಂಟದ ಮೇಲೆ ಮೂರು ಸಲ ಒತ್ತುತ್ತಿದ್ದೆ. ಇದಕ್ಕೆ ಕಾಸು ಮುಟ್ಟುವ ಹಾಗಿಲ್ಲ. ಎದ್ದು, ಸೊಂಟ ತಿರುವಿ ನೋಡಿಕೊಂಡು, ‘ಬಂಗಾರದ ಕಾಲು ಕಣಮ್ಮ’ ಎನ್ನುತ್ತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ನಮ್ಮಕ್ಕನ ಕೈಯಲ್ಲಿ ಸೀರೆಯ ಅಂಚಿಗೆ ನವಿಲು ಮೂಡುತ್ತಿತ್ತು, ನನ್ನ ಕೈಯಲ್ಲಿ ಎಳೆ ಕಡಿಯುತ್ತಿತ್ತು. ಓದಿನಲ್ಲೂ ನಾನು ಅಷ್ಟಕ್ಕಷ್ಟೇ. ನೋಡಲು ಬಂದ ಗಂಡುಗಳು ನನ್ನ ಬಿಟ್ಟು ಅಕ್ಕನನ್ನೇ ನೋಡಿ ಹೋದರು. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಈ ಒಂದು ಎಡಗಾಲು ಮಾತ್ರ. ಹೊಟ್ಟೆಕಿಚ್ಚು ಎನ್ನುವುದನ್ನು ನಾನು ನಿಮ್ಮಿಂದ ಕಲಿತದ್ದಲ್ಲ ಮೇಡಂ, ಆ ಮನೆಯಲ್ಲೇ ಕಲಿತಿದ್ದೆ.

ನಮ್ಮನೆಯವರ ಮುಖ ನೋಡುವುದಕ್ಕಿಂತ ಮೊದಲು ನಾನು ಅವರ ಸೊಂಟ ನೋಡಿದ್ದೆ. ನಗಬೇಡಿ. ಲಾರಿ ಡ್ರೈವರು ಅವರು, ಲೋಡಿನ ಹಗ್ಗ ಎಳೆಯುವಾಗ ಸೊಂಟ ಹಿಡಿದುಕೊಂಡು, ಯಾರೋ ಹೇಳಿದರೆಂದು ಲಾರಿಯನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ, ನಮ್ಮ ಅಂಗಳಕ್ಕೆ ಕುಂಟಿಕೊಂಡು ಬಂದಿದ್ದರು. ಬೋರಲು ಮಲಗಿದರು. ಕಾಲಿಟ್ಟೆ. ಎದ್ದು ನಿಂತು, ‘ಹಗುರಾತು ನೋಡ್ರಿ’ ಎಂದು ನಕ್ಕರು. ಮುಂದಿನ ತಿಂಗಳು ಅವರ ಅವ್ವ ನನ್ನನ್ನು ಕೇಳಲು ಬಂದರು. ಅಕ್ಕನನ್ನು ತೋರಿಸಹೋದರೆ, ‘ಅವಳಲ್ಲ ತಾಯಿ, ಕಾಲಿನ ಹುಡುಗಿ’ ಎಂದರಂತೆ. ಆ ಮಾತನ್ನು ನಾನು ಎಷ್ಟು ವರ್ಷ ಚಪ್ಪರಿಸಿದೆನೋ ಗೊತ್ತಿಲ್ಲ.

ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಒಂದು ತೊಡಕಾಯಿತು. ಗಂಡನ ಮೈಗೆ ಹೆಂಡತಿಯ ಕಾಲು ತಾಗಬಾರದು. ಮೊದಲ ಸಲ ನಾನು ಕಾಲೆತ್ತಿದ್ದು ಕಂಡು ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ‘ಅಯ್ಯೋ ನಮ್ಮವ್ವ, ಗಂಡನ್ ಮ್ಯಾಲೇ ಕಾಲಿಡ್ತೀಯೇನೇ?’ ಇವರು ಮಲಗಿದಲ್ಲಿಂದಲೇ, ‘ಸುಮ್ನಿರವ್ವ, ಈ ಕಾಲಿಗೇ ಅಲ್ವಾ ಕಟ್ಕಂಡಿದ್ದು’ ಎಂದರು. ಕೊನೆಗೆ ಅತ್ತೆಯೇ ದಾರಿ ಹುಡುಕಿದರು: ಕಾಲಿಟ್ಟ ಮೇಲೆ ಗಂಡನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಆಗ ದೋಷವಿಲ್ಲ. ಅಂದಿನಿಂದ ಅದೇ ಪದ್ಧತಿಯಾಯಿತು. ಮನೆಗೆ ಬಂದರೆ ಮೊದಲು ಊಟ ಕೇಳುವ ಗಂಡಸರಿದ್ದಾರೆ. ಇವರು ಕೊಲ್ಕತ್ತಾಕ್ಕೋ ಅಹಮದಾಬಾದಿಗೋ ಈರುಳ್ಳಿ ಲೋಡು ಇಳಿಸಿ, ವಾರಗಟ್ಟಲೆ ಆ ಸೀಟಿನ ಮೇಲೆ ಕುಲುಕಾಡಿ ಬಂದವರು, ಕರಿ ಕಂಬಳಿ ಹಾಸಿ ಬೋರಲು ಬಿದ್ದು, ‘ಪದ್ದೀ, ಬಾರೇ, ಕಾಲಿಡು’ ಎನ್ನುತ್ತಿದ್ದರು. ನಾನು ಕಾಲಿಡುವುದು, ಅವರು ‘ಹಾ...’ ಎಂದು ಉಸಿರು ಬಿಡುವುದು, ನಾನು ಬಗ್ಗಿ ಪಾದ ಮುಟ್ಟುವುದು. ನಮ್ಮಿಬ್ಬರ ನಡುವೆ ಅದಕ್ಕಿಂತ ಹತ್ತಿರದ್ದು ಇನ್ನೊಂದಿರಲಿಲ್ಲ.

ಆದರೆ ನೋವು ಬೆಳೆಯುತ್ತಾ ಹೋಯಿತು. ಮೊದಮೊದಲು ನಾನು ಕಾಲಿಟ್ಟರೆ ಒಂದು ಟ್ರಿಪ್ಪು ಹೋಗಿಬರುವ ತನಕ ಆರಾಮಾಗಿರುತ್ತಿದ್ದರು. ಆಮೇಲೆ ಇಲ್ಲೇ ಹತ್ತಿರದ ಬಿ.ಜಿ. ಕೆರೆ ದಾಟುವಷ್ಟರಲ್ಲೇ ಚಳುಕು ಶುರುವಾಗುತ್ತಿತ್ತಂತೆ. ಅದನ್ನು ನನಗೆ ಹೇಳುತ್ತಿರಲಿಲ್ಲ, ನನಗೆ ಬೇಜಾರಾದೀತೆಂದು. ಇವರ ಜೊತೆಯ ಡ್ರೈವರ್ ಓಬಳೇಶ ಒಂದು ದಿನ, ‘ಅತ್ತಿಗೆ, ಅಣ್ಣನ್ನ ಲಾರಿ ಸ್ಟ್ಯಾಂಡ್ ತಾವ ಹೊಸದಾಗಿ ಬಂದಿರೋ ಎಕ್ಸರ್ಸೈಜ್ ಮೇಡಂ ತಾವ ಕರ್ಕಂಡೋಗ್ತೀನಿ’ ಎಂದ. ನಿಮ್ಮ ಫಿಸಿಯೋಥೆರಪಿಗೆ ಅವರೆಲ್ಲ ಇಟ್ಟ ಹೆಸರು ಅದು. ‘ಹೋಗ್ರಿ, ಅದೂ ಒಂದು ನೋಡ್ರಿ’ ಎಂದೆ. ನಗುತ್ತಲೇ ಅಂದೆ. ಇವತ್ತು ಹೋಗಿ ನಾಳೆ ನನ್ನ ಕಾಲಡಿಗೆ ಬರುತ್ತಾರೆ ಎಂದುಕೊಂಡಿದ್ದೆ.

ಬರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ‘ಮೇಡಂ ಹೇಳಿದ್ರು’ ಎನ್ನುವ ಮಾತು ಶುರುವಾಯಿತು. ಪರ್ಸನ್ನು ಹಿಂದಿನ ಜೇಬಿನಲ್ಲಿಟ್ಟುಕೊಂಡು ಕೂರಬಾರದು, ಮೇಡಂ ಹೇಳಿದ್ರು. ಕ್ಯಾಬಿನ್ನಿನಿಂದ ಧುಮುಕಬಾರದು, ಗಾಡಿ ಕಡೆ ಮುಖ ಮಾಡಿ ಒಂದೊಂದೇ ಮೆಟ್ಟಿಲು ಇಳಿಯಬೇಕು, ಮೇಡಂ ಹೇಳಿದ್ರು. ಸೊಂಟದ ಹಿಂದೆ ಟವೆಲ್ಲನ್ನು ಸುರುಳಿ ಸುತ್ತಿ, ಎರಡು ಕಡೆ ದಾರ ಕಟ್ಟಿ, ಆನಿಸಿಕೊಂಡು ಕೂರಬೇಕು, ಮೇಡಂ ಹೇಳಿದ್ರು. ನಾನು ಹಾಸಿದ ಅದೇ ಕರಿ ಕಂಬಳಿಯ ಮೇಲೆ ಮಲಗಿ, ಮಂಡಿ ಎದೆಗೆ ಎಳೆದುಕೊಂಡು, ಸೊಂಟ ಎತ್ತಿ ಇಳಿಸಿ — ನಲವತ್ತೈದು ದಾಟಿದ ಗಂಡಸು, ಮೀಸೆ ಹೊತ್ತವನು, ಶಾಲೆ ಹುಡುಗನ ಹಾಗೆ ಬಾಯಲ್ಲೇ ಎಣಿಸಿಕೊಂಡು! ನಾನು ಕಾಲಿಡಲು ಹೋದರೆ, ‘ಬ್ಯಾಡ ಕಣೇ, ಮೇಡಂ ಬೈತಾರೆ’ ಎನ್ನುತ್ತಿದ್ದರು. ಬೈತಾರಂತೆ! ನನ್ನ ಮನೆಯಲ್ಲಿ, ನನ್ನ ಕಂಬಳಿಯ ಮೇಲೆ!

ಇನ್ನೂ ಉರಿದದ್ದು ಯಾವಾಗ ಗೊತ್ತೇ? ಅವರಿಗೆ ವಾಸಿಯಾಗತೊಡಗಿದಾಗ. ಗಂಡನ ನೋವು ಇಳಿಯಿತೆಂದು ಹೆಂಡತಿಗೆ ಹೊಟ್ಟೆ ಉರಿಯಿತು. ಇದನ್ನು ಹೇಳಲು ಈಗಲೂ ನಾಲಿಗೆ ತೊದಲುತ್ತದೆ.

ಒಂದು ದಿನ ಊಟದ ಡಬ್ಬಿ ನೆಪ ಮಾಡಿಕೊಂಡು ನಿಮ್ಮ ರೂಮಿಗೆ ಬಂದೆ, ಮೆಡಿಕಲ್ ಶಾಪಿನ ಮೇಲಿನ ಮಾಳಿಗೆಗೆ. ಪರದೆ ಅರ್ಧ ಸರಿದಿತ್ತು. ಇವರು ಎತ್ತರದ ಮಂಚದ ಮೇಲೆ ಬೋರಲು ಮಲಗಿದ್ದರು. ನಿಮ್ಮ ಎರಡು ಹೆಬ್ಬೆರಳು ಅವರ ಸೊಂಟದ ಮೇಲೆ ನಿಧಾನವಾಗಿ ಜರುಗುತ್ತಿದ್ದವು, ‘ಇಲ್ಲಿ ನೋವಿದೆಯಾ ಅಣ್ಣಾ? ಇಲ್ಲಿ?’ ಎಂದು ಕೇಳುತ್ತಾ. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಹಾಗೆ ಕೇಳಿರಲಿಲ್ಲ. ಮೂರು ಸಲ ಒತ್ತುವುದು, ಕಾಲು ತೆಗೆಯುವುದು — ಅಷ್ಟೇ ನನಗೆ ಗೊತ್ತಿದ್ದದ್ದು. ಆಗ ಇವರು ‘ಹಾ...’ ಎಂದು ಉಸಿರು ಬಿಟ್ಟರು. ನನ್ನ ಕಾಲಡಿಯಲ್ಲಿ ಬಿಡುತ್ತಿದ್ದ ಅದೇ ಉಸಿರು. ನಾನು ಡಬ್ಬಿಯನ್ನು ಬಾಗಿಲ ಬಳಿ ಇಟ್ಟು ಇಳಿದು ಬಂದೆ. ನೀವು ಹಿಂದಿನಿಂದ ‘ಅಕ್ಕಾ, ಬನ್ನಿ ಒಳಗೆ’ ಎಂದು ಕರೆದದ್ದು ಕೇಳಿಸಿತ್ತು. ಕೇಳಿಸಲಿಲ್ಲ ಎನ್ನುವ ಹಾಗೆ ಇಳಿದೆ.

ಆಮೇಲೆ ಸಣ್ಣ ಸಣ್ಣದಾಗಿ ಶುರು ಮಾಡಿದೆ. ಒಗೆಯುವ ನೆಪದಲ್ಲಿ ಆ ಟವೆಲ್ಲಿನ ಸುರುಳಿ ಬಿಚ್ಚಿಡುತ್ತಿದ್ದೆ. ಅವರು ಮತ್ತೆ ಸುತ್ತಿಕೊಳ್ಳುತ್ತಿದ್ದರು, ನಾನು ಮತ್ತೆ ಬಿಚ್ಚುತ್ತಿದ್ದೆ. ಪ್ಯಾಂಟು ಮಡಿಸಿಡುವಾಗ ಪರ್ಸನ್ನು ಬೇಕೆಂದೇ ಹಿಂದಿನ ಜೇಬಿಗೆ ಹಾಕುತ್ತಿದ್ದೆ. ‘ಮರ್ತೆ ಕಣ್ರೀ’ ಎನ್ನುತ್ತಿದ್ದೆ. ಇವರು ನಗುತ್ತಿದ್ದರು. ಅಕ್ಕಪಕ್ಕದವರಲ್ಲಿ, ‘ಆ ಹುಡುಗಿಗೇನು ಗೊತ್ತು, ಮೊನ್ನೆ ಮೊನ್ನೆ ಓದಿ ಬಂದೈತೆ’ ಎಂದು ಹೇಳಿಕೊಂಡು ತಿರುಗಿದೆ. ಅದೆಲ್ಲ ಮಕ್ಕಳಾಟ. ನಿಜವಾದದ್ದು ಮುಂದಿದೆ.

ಆ ಸಲ ಕೊಲ್ಕತ್ತಾದಿಂದ ಬಂದವರಿಗೆ ನೋವು ಮರುಕಳಿಸಿತ್ತು. ಲೋಡಿನ ಮೇಲೆ ಹತ್ತಿ ಒದ್ದೆ ಟಾರ್ಪಾಲು ಎಳೆಯುವಾಗ ಸೊಂಟದಲ್ಲಿ ಏನೋ ಕಡಿದ ಹಾಗಾಯಿತಂತೆ. ನೀವು ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿ ಎಂದಿರಿ, ಮಾಡಿಸಿದರು. ‘ಭಾನುವಾರ ಊರಿಗೆ ಹೋಗ್ತೀನಿ ಅಣ್ಣಾ, ಅಲ್ಲಿ ನಮ್ಮ ಪರಿಚಯದ ದೊಡ್ಡ ಡಾಕ್ಟರಿಗೆ ತೋರಿಸ್ತೀನಿ, ಏನಾದ್ರೂ ಇದ್ರೆ ಫೋನ್ ಮಾಡ್ತೀನಿ’ ಎಂದು ಫಿಲ್ಮಿನ ಲಕೋಟೆ ತೆಗೆದುಕೊಂಡು ಹೋದಿರಿ. ಭಾನುವಾರ ಸಂಜೆಯೇ ಮತ್ತೆ ಕೊಲ್ಕತ್ತಾಕ್ಕೆ ಲೋಡು ಹೊರಡುವುದಿತ್ತು. ಇವರು ಮಧ್ಯಾಹ್ನದಿಂದ ಫೋನನ್ನು ಎದುರಿಗೇ ಇಟ್ಟುಕೊಂಡು ಕೂತಿದ್ದರು. ‘ಮೇಡಂ ಫೋನ್ ಮಾಡಿ ಬ್ಯಾಡ ಅಂದ್ರೆ ನಿಲ್ಲಿಸ್ಬಿಡ್ತೀನಿ ಪದ್ದೀ. ಮಾಡ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ. ಹೊರಡ್ತೀನಿ.’ ನನ್ನನ್ನು ಒಂದು ಮಾತು ಕೇಳಲಿಲ್ಲ. ಹೋಗಲೋ ಬೇಡವೋ ಎಂದು ಹೆಂಡತಿಯನ್ನು ಕೇಳುವುದಿಲ್ಲ, ಮೇಡಂ ಫೋನಿಗೆ ಕಾಯುತ್ತಾರೆ — ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಇದನ್ನೇ ಮೆಲುಕು ಹಾಕುತ್ತಿದ್ದೆ.

ಸೂರ್ಯ ಇಳಿಯುವ ಹೊತ್ತಿಗೆ ಇವರು ಸ್ನಾನಕ್ಕೆ ಹೋದರು. ಫೋನ್ ಬಂತು. ಹೆಸರಿಲ್ಲದ ನಂಬರು. ಎತ್ತಿದೆ. ನೀವು.

‘ಅಕ್ಕಾ, ನಾನು ವೀಣಾ. ನನ್ನ ಫೋನಲ್ಲಿ ಚಾರ್ಜ್ ಇಲ್ಲ, ಡಾಕ್ಟರ ಫೋನಿಂದ ಮಾಡ್ತಿದ್ದೀನಿ. ಅಣ್ಣ ಇವತ್ತು ಗಾಡಿ ಹತ್ತಬಾರದು ಅಕ್ಕಾ. ನರದ ಮೇಲೆ ಒತ್ತಡ ಬಿದ್ದಿದೆ. ಕಾಲು ಜೋಮು ಹಿಡಿದ್ರೆ, ಪಾದ ಎತ್ತೋಕೆ ಆಗದಿದ್ರೆ, ಆ ಕ್ಷಣವೇ ಇಲ್ಲಿ ದಾವಣಗೆರೆಗೆ ಕರ್ಕೊಂಡು ಬನ್ನಿ. ತಡ ಮಾಡಿದ್ರೆ ಕಾಲು ಹೋಗತ್ತೆ.’ ಇಷ್ಟಾದ ಮೇಲೆ ಮೆತ್ತಗೆ ಹೇಳಿದಿರಿ: ‘ಮತ್ತೆ... ನೀವು ಕಾಲಿಡ್ತೀರಂತಲ್ಲ ಅಕ್ಕಾ, ಅದನ್ನ ಮಾತ್ರ ಇನ್ಮುಂದೆ ದಯವಿಟ್ಟು ಮಾಡಬೇಡಿ.’

ಆ ಕೊನೆಯ ಮಾತು ಹೇಳದೇ ಇದ್ದಿದ್ದರೆ — ಇಲ್ಲ, ಈ ದಾರಿ ಹಿಡಿಯಬಾರದು. ತಪ್ಪು ನಿಮ್ಮ ಮಾತಿನದಲ್ಲ. ನಿಮಗೆ ಹೇಳಬೇಕಾದದ್ದನ್ನು ನೀವು ಹೇಳಿದಿರಿ. ನಾನು, ‘ಆಯ್ತು ಮೇಡಂ, ಹೇಳ್ತೀನಿ. ಇವತ್ತು ಕಳಿಸೋದಿಲ್ಲ ಬಿಡಿ’ ಎಂದೆ. ನನ್ನ ದನಿ ನೆಟ್ಟಗೇ ಇತ್ತು. ನೀವು ನಂಬಿದಿರಿ. ಫೋನಿಟ್ಟು, ಕರೆ ಬಂದದ್ದನ್ನು ಅದರಿಂದ ಅಳಿಸಿದೆ. ಮಗಳು ಕಲಿಸಿಕೊಟ್ಟ ವಿದ್ಯೆ ಅದು.

ಇವರು ತಲೆ ಒರೆಸಿಕೊಳ್ಳುತ್ತಾ ಬಂದರು. ‘ಯಾರ್ದೇ ಫೋನು? ಮೇಡಮ್ಮಾ?’

‘ಅಲ್ಲ. ನಮ್ಮಕ್ಕ, ಮೊಳಕಾಲ್ಮೂರಿಂದ.’

ಇವರು ಒಂದು ಗಳಿಗೆ ಫೋನನ್ನೇ ನೋಡಿದರು. ‘ಹಂಗಾರೆ ಏನೂ ಇಲ್ಲ’ ಎಂದು ಉಸಿರು ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ — ಎಷ್ಟೋ ತಿಂಗಳ ಮೇಲೆ — ‘ಪದ್ದೀ, ಎಡಗಾಲು ಯಾಕೋ ಜೋಮು ಹಿಡ್ದಂಗೈತೆ ಬೆಳಗ್ಗಿಂದ. ಮೇಡಂಗೆ ಹೇಳ್ಬ್ಯಾಡ. ಒಂದೀಟು ಕಾಲಿಡು ಬಾ’ ಎಂದರು.

ನೀವು ಹೇಳಿದ ಮಾತಿನ್ನೂ ಕಿವಿಯಲ್ಲಿ ಬಿಸಿಯಾಗಿತ್ತು. ಜೋಮು ಹಿಡಿದರೆ ಆ ಕ್ಷಣವೇ. ಗೊತ್ತಿತ್ತು ನನಗೆ. ಗೊತ್ತಿಲ್ಲದೆ ಮಾಡಿದೆ ಎನ್ನಲಾರೆ. ಆದರೆ ಆಗ ನನಗೆ ಎಂಥ ಸಂತೋಷವಾಯಿತು ಎನ್ನುತ್ತೀರಿ! ಬಂದರಲ್ಲ, ನನ್ನ ಕಾಲಿಗೇ ತಿರುಗಿ ಬಂದರಲ್ಲ, ಅದೂ ಮೇಡಂಗೆ ಹೇಳಬೇಡ ಎಂದು ಗುಟ್ಟು ಮಾಡಿಕೊಂಡು! ಕಂಬಳಿ ಹಾಸಿದೆ. ಗೋಡೆ ಹಿಡಿದೆ. ಎಡಗಾಲನ್ನು ಅವರ ಸೊಂಟದ ಮೇಲಿಟ್ಟು ಒತ್ತಿದೆ. ಪ್ರತಿ ಸಲಕ್ಕಿಂತ ಹೆಚ್ಚು ಭಾರ ಬಿಟ್ಟು ಒತ್ತಿದೆ ಮೇಡಂ. ನಿಮ್ಮ ಹೆಬ್ಬೆರಳಿನ ಗುರುತು ಅಳಿಸುವಷ್ಟು. ಮೂರು ಸಲದ ಮೇಲೆ ಇನ್ನೊಂದು ಸಲ. ಇವರು ‘ಹಾ’ ಎನ್ನಲಿಲ್ಲ, ಹಲ್ಲು ಕಚ್ಚಿಕೊಂಡರು.

ಪದ್ಧತಿಯಂತೆ ಬಗ್ಗಿ ಅವರ ಪಾದ ಮುಟ್ಟಿದೆ, ಮೊದಲು ಬಲ, ಆಮೇಲೆ ಎಡ. ಕಣ್ಣಿಗೊತ್ತಿಕೊಂಡು ಎದ್ದೆ. ಇವರು ಕತ್ತು ತಿರುಗಿಸಿ, ‘ಎಡಗಾಲ್ನೂ ಮುಟ್ಟೇ, ದೋಷ ಬಂದಾತು’ ಎಂದು ತಮಾಷೆ ಮಾಡಿದರು.

‘ಮುಟ್ಟಿದ್ನಲ್ರೀ.’

‘ಹೌದಾ? ಗೊತ್ತೇ ಆಗ್ಲಿಲ್ಲ ಕಣೇ.’

ಅಲ್ಲಿ ನಾನು ಹೇಳಬಹುದಿತ್ತು. ನನ್ನ ಕೈ ತಾಗಿದ್ದು ಅವರಿಗೆ ತಿಳಿಯಲಿಲ್ಲ ಎಂದಾಗ ಅದೇನೆಂದು ನನಗೆ ಹೊಳೆದಿತ್ತು. ಬಾಯಿ ತೆರೆದೆ ಕೂಡ. ಹೇಳಿದರೆ ಏನಾಗುತ್ತಿತ್ತು? ಬೈಯುತ್ತಿದ್ದರು, ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆವು, ಕಾಲು ಉಳಿಯುತ್ತಿತ್ತು. ನೀವೇ ಗೆಲ್ಲುತ್ತಿದ್ದಿರಿ — ಆಗ ನನಗೆ ಕಂಡದ್ದು ಇದೊಂದೇ. ರೊಟ್ಟಿ ಬುತ್ತಿ ಕಟ್ಟಿ ಕೈಗೆ ಕೊಟ್ಟೆ. ಟವೆಲ್ಲು ಹುಡುಕಿದರು. ‘ಒಗ್ದಿದ್ದೀನಿ, ಆರಿಲ್ಲ’ ಎಂದೆ. ಹೊರಟರು.

ರಾಜಮಂಡ್ರಿ ದಾಟಿದ ಮೇಲೆ ಕ್ಲಚ್ಚಿನ ಮೇಲೆ ಎಡಗಾಲು ಇದೆಯೋ ಇಲ್ಲವೋ ತಿಳಿಯದೆ, ಬಗ್ಗಿ ಬಗ್ಗಿ ನೋಡಿಕೊಂಡು ಓಡಿಸಿದರಂತೆ. ಗಾಡಿ ಪಕ್ಕಕ್ಕೆ ಹಾಕಿ, ನೀವು ಕಲಿಸಿದ ಹಾಗೆ ಕ್ಯಾಬಿನ್ ಕಡೆ ಮುಖ ಮಾಡಿ ಇಳಿಯುವಾಗ ಪಾದ ಮಡಚಿಕೊಂಡು ನೆಲಕ್ಕೆ ಬಿದ್ದರು. ಹಿಂದೆಯೇ ಇನ್ನೊಂದು ಲೋಡು ತರುತ್ತಿದ್ದ ಓಬಳೇಶ ಎತ್ತಿ ಕೂರಿಸಿ, ಊರ ಕಡೆ ಬರುತ್ತಿದ್ದ ಲಾರಿಯಲ್ಲಿ ಮಲಗಿಸಿ ಕಳಿಸಿದ. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ನೋವು ಹೋಯಿತು, ಪಾದ ಬರಲಿಲ್ಲ. ಇವತ್ತಿಗೂ ಎಡಪಾದ ಜೋತುಬೀಳುತ್ತದೆ, ನಡೆಯುವಾಗ ಮಂಡಿ ಎತ್ತಿ ಎತ್ತಿ ಹಾಕುತ್ತಾರೆ, ಚಪ್ಪಲಿ ಎಲ್ಲಿ ಜಾರಿತೋ ಅವರಿಗೆ ತಿಳಿಯುವುದಿಲ್ಲ. ‘ಮೊದಲೇ ಬಂದಿದ್ದರೆ...’ ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ನಾನು ಆಸ್ಪತ್ರೆಯ ಗೋಡೆ ಹಿಡಿದು ನಿಂತಿದ್ದೆ.

ಆಮೇಲೆ ಆ ಬೀದಿ. ಅದು ನಿಮಗೆ ಮರೆತಿರಲಾರದು. ಊರುಗೋಲು ಹಿಡಿದ ಇವರು ಮಾಳಿಗೆ ಹತ್ತಲಾರದೆ ಮೆಡಿಕಲ್ ಶಾಪಿನ ಮುಂದೆಯೇ ನಿಂತರು. ಓಬಳೇಶ, ಇನ್ನಿಬ್ಬರು ಡ್ರೈವರುಗಳು, ನಾನು. ಕೂಗಿದ್ದು ಕೇಳಿ ನೀವು ಇಳಿದು ಬಂದಿರಿ.

‘ಏನಾದ್ರೂ ಇದ್ರೆ ಫೋನ್ ಮಾಡ್ತೀನಿ ಅಂದಿದ್ರಲ್ಲ ಮೇಡಂ. ನಿಮ್ಮ ಫೋನಿಗೇ ಕಾದೆ ನಾನು.’

‘ಮಾಡಿದ್ನಲ್ಲ ಅಣ್ಣಾ! ಅಕ್ಕ ಎತ್ತಿದ್ರು. ಎಲ್ಲಾ ಹೇಳ್ದೆ. ಅಕ್ಕಾ, ಹೇಳಿ.’

ಎಲ್ಲರೂ ನನ್ನ ಕಡೆ ತಿರುಗಿದರು. ಇವರೂ. ಅವರ ಕಣ್ಣಿನಲ್ಲಿ ಪ್ರಶ್ನೆಯೇ ಇರಲಿಲ್ಲ, ನಾನು ಏನು ಹೇಳಿದರೂ ನಂಬಲು ಸಿದ್ಧವಾಗಿದ್ದರು. ನಾನು ಹೇಳಿದೆ: ‘ಯಾವ ಫೋನೂ ಬರಲಿಲ್ಲ.’

ನೀವು ನನ್ನನ್ನು ನೋಡಿದಿರಿ. ಆ ಡಾಕ್ಟರನ್ನೇ ಸಾಕ್ಷಿಗೆ ಕರೆಸಬಹುದಿತ್ತು, ಯಾಕೆ ಕರೆಸಲಿಲ್ಲವೋ ನನಗೆ ಇವತ್ತಿಗೂ ತಿಳಿಯದು. ಇವರು ಊರುಗೋಲು ನೆಲಕ್ಕೆ ಬಡಿದು, ‘ನಿನ್ನ ಕೈ ಸೇದಿಹೋಗ್ಲಿ!’ ಎಂದು ಬೀದಿಗೆಲ್ಲ ಕೇಳುವ ಹಾಗೆ ಶಾಪ ಹಾಕಿದರು. ನೊಣಕ್ಕೂ ಕೆಟ್ಟದ್ದು ಬಯಸದ ಮನುಷ್ಯ ಅವರು. ನೀವು ‘ಆಯ್ತು ಅಕ್ಕಾ’ ಎಂದು ನನಗೆ ಹೇಳಿ — ಅವರಿಗಲ್ಲ, ನನಗೆ — ಮೆಟ್ಟಿಲು ಹತ್ತಿ ಹೋದಿರಿ. ನಾನು ಅಸೂಯೆಪಟ್ಟ ಆ ಕೈಗಳಿಗೇ ಶಾಪ ಬಿದ್ದಿತ್ತು. ಸುಳ್ಳು ಹೇಳಲಾರೆ, ಒಂದು ಗಳಿಗೆ ನನ್ನ ಹೊಟ್ಟೆ ತಣ್ಣಗಾಯಿತು.

ಡ್ರೈವರುಗಳ ನಡುವೆ ಮಾತು ಹರಡಲು ಎಷ್ಟು ಹೊತ್ತು? ನಿಮ್ಮ ಮಾಳಿಗೆ ಹತ್ತುವವರು ಇಲ್ಲವಾದರು. ಕೆಲವೇ ತಿಂಗಳಲ್ಲಿ ನೀವು ರೂಮು ಬಿಟ್ಟು ಹೋದಿರಿ ಎಂದು ತಿಳಿಯಿತು. ನಮ್ಮ ಅಂಗಳ ಮಾತ್ರ ತುಂಬಿತು. ‘ಆ ಮೇಡಂ ಕೆಡಿಸಿದ್ಲು, ಅತ್ತಿಗೆ ಕಾಲೇ ವಾಸಿ’ ಎಂದು ಬೋರಲು ಮಲಗುತ್ತಿದ್ದರು. ಇವರು ಹಗಲೆಲ್ಲ ಲಾರಿ ಸ್ಟ್ಯಾಂಡಿನ ಬಳಿ ಹರಿದ ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ ಕೂತು, ಸಂಜೆ ಮನೆಗೆ ಬಂದು ಕಟ್ಟೆಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದರು. ‘ನಿನ್ ಕಾಲ್ನೇ ನಂಬ್ಬೇಕಿತ್ತು ಪದ್ದೀ’ ಎಂದು ಅವರು ಅಂದಾಗಲೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ ಮಾತು ತಾನೇ? ಸಿಕ್ಕಿತು.

ಇಷ್ಟು ವರ್ಷ ಮುಚ್ಚಿಟ್ಟದ್ದು ಹೋದ ವಾರ ಹೊರಬಿತ್ತು. ಓಬಳೇಶ ಬೆಳಗ್ಗೆಯೇ ಬಂದ. ಅವನೂ ಈಗ ಸಣ್ಣವನಲ್ಲ, ಸೊಂಟ ಒಂದು ಕಡೆ ವಾಲಿತ್ತು. ಕಂಬಳಿ ಅವನೇ ಹಾಸಿಕೊಂಡ. ಇವರು ಕಟ್ಟೆಯ ಮೇಲೆ ಟೀ ಕುಡಿಯುತ್ತಿದ್ದರು. ನಾನು ಗೋಡೆ ಹಿಡಿದು ಕಾಲೆತ್ತಿದೆ. ಓಬಳೇಶ ಮುಖ ಕೆಳಗೆ ಹಾಕಿಕೊಂಡೇ, ‘ಸ್ವಲ್ಪ ಜೋರಾಗಿ ಇಡತ್ತಿಗೆ, ನಿನ್ನೆಯಿಂದ ಪಾದ ಜೋಮು ಹಿಡ್ದೈತೆ’ ಎಂದ.

ನನ್ನ ಕಾಲು ಗಾಳಿಯಲ್ಲೇ ನಿಂತಿತು. ಇಳಿಸಲಿಲ್ಲ, ಇಡಲಿಲ್ಲ. ಆಮೇಲೆ ನಾನೇ ಕುಸಿದು ಕೂತೆ.

‘ಎದ್ದೇಳು ಓಬಳೇಶಪ್ಪ. ಈಗ್ಲೇ ದಾವಣಗೆರೆಗೆ ಹೋಗು. ಇವತ್ತೇ ಹೋಗು.’

‘ಅಲ್ಲಿಗ್ಯಾಕತ್ತಿಗೆ? ಆ ಮೇಡಂ ಅಣ್ಣಂಗೆ ಮಾಡಿದಂಗೆ ಅಲ್ಲಿಯೋರೂ ಮಾಡ್ತಾರೆ.’

‘ಮೇಡಂ ಏನೂ ಮಾಡ್ಲಿಲ್ಲ ಕಣಪ್ಪ. ಮೇಡಂ ಫೋನ್ ಮಾಡಿದ್ರು. ನಾನೇ ಹೇಳ್ಲಿಲ್ಲ.’

ಲೋಟ ಉರುಳಿದ ಸದ್ದಾಯಿತು. ನಾನು ಕಟ್ಟೆಯ ಕಡೆ ನೋಡಲಿಲ್ಲ. ಓಬಳೇಶನ ಕಡೆಯೇ ನೋಡಿಕೊಂಡು ಎಲ್ಲ ಹೇಳಿದೆ — ನಿಮ್ಮ ಮಾತು, ಅಳಿಸಿದ ಕರೆ, ಹೆಚ್ಚಿಗೆ ಒತ್ತಿದ ಆ ಒಂದು ಸಲ, ಆರಿಲ್ಲ ಎಂದ ಟವೆಲ್ಲು. ಓಬಳೇಶ ಎದ್ದ. ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೋದ. ಅವತ್ತೇ ದಾವಣಗೆರೆಗೆ ಹೋಗಿದ್ದಾನೆ, ಸಕಾಲಕ್ಕೆ ಬಂದಿರಿ ಎಂದು ಅಲ್ಲಿಯ ಡಾಕ್ಟರು ಅಂದರಂತೆ.

ಇವರು ನನ್ನ ಮೇಲೆ ಕೈ ಎತ್ತುತ್ತಾರೆ ಎಂದುಕೊಂಡೆ. ಎತ್ತಿದ್ದರೆ ವಾಸಿಯಿತ್ತು. ಆ ದಿನ ಮಾತಿಲ್ಲ, ಮರುದಿನ ಮಾತಿಲ್ಲ. ನಾನು ಬಡಿಸಿಟ್ಟದ್ದನ್ನು ಮುಟ್ಟದೆ ಹೋಟೆಲಿನಲ್ಲಿ ಉಂಡರು. ಮೂರನೆಯ ಸಂಜೆ, ಗೋಡೆಯ ಕಡೆ ಮುಖ ಮಾಡಿಕೊಂಡು ಕೂತವರು ಅಂದರು: ‘ಕೈ ಸೇದಿಹೋಗ್ಲಿ ಅಂದ್ನಲ್ಲೇ... ಆ ಹುಡುಗಿಗೆ.’

ಮೊದಲು ಬಾಯಿಂದ ಬಂದ ಮಾತು ಅದು. ‘ನನ್ನ ಕಾಲು’ ಎನ್ನಲಿಲ್ಲ. ‘ನೀನು ಹಿಂಗ್ ಮಾಡಿದ್ಯಾ’ ಎನ್ನಲಿಲ್ಲ. ಆ ಹುಡುಗಿ ಎಂದರು. ಅವರ ಹೆಗಲು ಅಲುಗುತ್ತಿತ್ತು. ಅಷ್ಟೆಲ್ಲ ಹೇಳಿ, ಅಷ್ಟೆಲ್ಲ ಕುಸಿದು ಕೂತಿದ್ದ ನನ್ನ ಎದೆಯಲ್ಲಿ, ಆಗಲೂ — ಆಗಲೂ ಮೇಡಂ — ಚುರ್ ಎಂದಿತು. ನನಗಿಂತ ಮೊದಲು ನೀವು ನೆನಪಾದಿರಲ್ಲ ಎಂದು. ನಾನು ಎಂಥವಳು ಎನ್ನುವುದು ನನಗೆ ಪೂರ್ತಿ ತಿಳಿದದ್ದು ಆ ಗಳಿಗೆಯಲ್ಲಿ.

ಓಬಳೇಶನೇ ವಿಚಾರಿಸಿ ನೀವಿರುವ ಜಾಗ ತಿಳಿದು ಬಂದಿದ್ದಾನೆ. ದಾವಣಗೆರೆಯಲ್ಲೇ, ಬೇರೆಯವರ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೀರಂತೆ. ಸ್ವಂತದ್ದು ಮತ್ತೆ ತೆರೆಯಲಿಲ್ಲವಂತೆ. ನಾಳೆ ಮೊದಲ ಬಸ್ಸಿಗೆ ಇವರೂ ನಾನೂ ಬರುತ್ತೇವೆ. ನಿಮ್ಮಿಂದ ಒಳ್ಳೆಯ ಮಾತು ಕೇಳಬೇಕೆಂದು ನಾನು ಬರುತ್ತಿಲ್ಲ. ಯಾವ ಬೀದಿಯಲ್ಲಿ ಹೇಳು ಎನ್ನುತ್ತೀರೋ ಅಲ್ಲಿ ನಿಂತು ಹೇಳುತ್ತೇನೆ, ಚಳ್ಳಕೆರೆಯ ಲಾರಿ ಸ್ಟ್ಯಾಂಡಿನಲ್ಲಾದರೂ ಸರಿ. ಅಂಗಳಕ್ಕೆ ಬಂದ ಡ್ರೈವರುಗಳಿಗೆಲ್ಲ ಈಗಾಗಲೇ ಹೇಳಿ ಕಳಿಸುತ್ತಿದ್ದೇನೆ. ಕೆಲವರು ಉಗಿದು ಹೋದರು. ಕಂಬಳಿಯನ್ನು ಮಡಿಸಿ ಅಟ್ಟಕ್ಕೆ ಹಾಕಿದ್ದೇನೆ.

ಇವರು ಈಗಲೂ ನನ್ನ ಜೊತೆ ಮಾತಾಡುತ್ತಿಲ್ಲ. ಇವತ್ತು ಸಂಜೆ ಮಾತ್ರ ಎರಡು ಮಾತು ಆಡಿದರು. ‘ಬಿಳೇ ಅಂಗಿ ಇಸ್ತ್ರಿ ಮಾಡು’ ಎಂದರು. ಆಮೇಲೆ, ‘ಬಸ್ಸಿನಲ್ಲಿ ಸೊಂಟಕ್ಕೆ ಇಟ್ಕಣಕೆ ಆ ಟವೆಲ್ಲು ಬೇಕು. ಮೇಡಂ ಹೇಳಿದಂಗೆ ಸುತ್ತು’ ಎಂದರು.

ಸುತ್ತಿದೆ. ಬಿಗಿಯಾಗಿ ಸುರುಳಿ ಮಾಡಿ, ಎರಡು ಕಡೆ ದಾರ ಕಟ್ಟಿ, ಚೀಲದಲ್ಲಿಟ್ಟಿದ್ದೇನೆ. ಕಟ್ಟುವಾಗಲೂ ಹೊಟ್ಟೆಕಿಚ್ಚು ಇತ್ತು ಮೇಡಂ, ಹೋಗಿಲ್ಲ. ಆದರೆ ಬಿಚ್ಚಲಿಲ್ಲ.